ವೆಂಕಿಯ ಆರತಕ್ಷತೆಗೆ ದನಿಯಿಲ್ಲದ ರೆಗ್ಗೆ

ಈ ಲೋಕದಲ್ಲಿ ಹಾಡಿಲ್ಲದ, ಬರೀ ವಾದ್ಯವಿರುವ, ನೆಟ್ಟಗಿನ ಒಂದು ರೆಗ್ಗೆ ಟ್ರ್ಯಾಕು ಸಿಗುವುದಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದುಬಿಟ್ಟಿದ್ದೆ. ಸಿಕ್ಕರೆ ಅದರಲ್ಲಿ ಯಾವನೋ ಹಾಡಿರುತ್ತಾನೆ. ಹಾಡದಿದ್ದರೆ ನಡುನಡುವೆ ತನ್ನ ವೆಬ್‌ಸೈಟಿನ ಹೆಸರು ಕೂಗುತ್ತಾನೆ. ಎರಡೂ ಇಲ್ಲ ಅಂದರೆ ಸ್ಪೀಕರಿಗೆ ಕಂಬಳಿ ಹೊದಿಸಿದ ಹಾಗೆ ಮಂಕು. ಸಾಕಪ್ಪಾ ಸಾಕು ಅನ್ನಿಸಿತ್ತು.

ನಾನು ಯತಿರಾಜ್. ಹೊಸೂರಿನ ಒಂದು ಕಂಪನಿಯ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಕೆಲಸ, ರಜೆ ದಿನ ಮದುವೆ ಮನೆಗಳಲ್ಲಿ ಡಿಜೆ. ಬಾಗಲೂರಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆ ತುಂಬ ಸ್ಪೀಕರ್ ಪೆಟ್ಟಿಗೆಗಳೇ. ಐಟಿಐ ಮುಗಿಸಿ ಪ್ರೆಸ್ಸಿನ ಮುಂದೆ ನಿಂತವನು ಇನ್ನೂ ಅಲ್ಲೇ ನಿಂತಿದ್ದೇನೆ. ಅದು ಹೊಟ್ಟೆಪಾಡು. ಡಿಜೆ ಕೆಲಸ ಒಂದು ಇಲ್ಲದಿದ್ದರೆ ನಾನು ಎಂದೋ ಹುಚ್ಚನಾಗುತ್ತಿದ್ದೆ.

ರಾಯಕೋಟೆಯ ವೆಂಕಿ ತನ್ನ ಆರತಕ್ಷತೆಗೆ ನನ್ನನ್ನೇ ಹಿಡಿದ. ಅವನು ವಿದೇಶಿ ಹಡಗೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ಬಂದವನು. ಜೊತೆಗಿದ್ದ ಜಮೈಕಾದವರು ಅವನಿಗೆ ತಮ್ಮ ನಾಡಿನ ರೆಗ್ಗೆ ಸಂಗೀತದ ಹುಚ್ಚು ಹತ್ತಿಸಿದ್ದರು.

"ಅಣ್ಣಾ, ಬರೀ ಮ್ಯೂಸಿಕ್ ಇರೋದಕ್ಕೆ ಅವ್ರು ರಿಡಿಮ್ ಅಂತಾರೆ. ಒಂದೇ ರಿಡಿಮ್ ಮೇಲೆ ಹತ್ತಾರು ಜನ ತಂತಮ್ಮ ಹಾಡು ಹಾಡ್ತಾರೆ. ನಂಗೂ ಅಂಥಾದ್ದೇ ಬೇಕು. ರೆಗ್ಗೆ, ಅದಕ್ಕಿಂತ ಜೋರಾಗಿ ಕುಣ್ಸೋ ಡ್ಯಾನ್ಸ್‌ಹಾಲ್ ಎರಡೂ ಸೇರ್ಸಿ ಮಿಕ್ಸ್ ಮಾಡು. ಹೆಣ್ಣಿನ ಮುಂದೆ ಮೈಕ್ ಹಿಡ್ಕಂಡು ಕನ್ನಡದಾಗೆ ನಾನೇ ಹಾಡ್ತೀನಿ. ಸೌಂಡ್ ಮಾತ್ರ ಕ್ಲಿಯರ್ ಇರ್ಬೇಕು ಕಣಣ್ಣಾ," ಅಂದ.

ಆಯ್ತಪ್ಪಾ ಅಂದೆ. ಅಂದವನು ಸಿಕ್ಕಿಹಾಕಿಕೊಂಡೆ.

ಶಿಫ್ಟು ಮುಗಿಸಿ ಕಂಪನಿ ಬಸ್ಸಿಳಿದವನು ಮುಖ ಕೂಡ ತೊಳೆಯದೆ ಹೆಡ್‌ಫೋನು ಏರಿಸಿ ಕೂರುತ್ತಿದ್ದೆ. ಬೇಸು ಗುಡುಗುಡು ಅನ್ನುತ್ತಿತ್ತು, ಡ್ರಮ್ಮು ಬೀಳುತ್ತಿತ್ತು. ಅದರ ಮೇಲೆ ಆಡಬೇಕಾದ ಸಣ್ಣ ತಾಳ ಮಾತ್ರ ಇಲ್ಲವೇ ಇಲ್ಲ. ಪುಕ್ಕಟೆ ಸೈಟುಗಳ ಮನೆ ಹಾಳಾಗ ಎಂದು ಬೈದು, ಜೊತೆ ಕೆಲಸದ ಕುಮಾರೇಶನ ಕಾರ್ಡಿನಲ್ಲಿ ಒಳ್ಳೆಯ ಕಡೆಯಿಂದಲೇ ಕೊಂಡೆ. ಅದೂ ಮಂಕು. ಕುಮಾರೇಶ್ ಕೇಳಿ "ಸೂಪರಾ ಇರುಕ್ಕೇ ಅಣ್ಣಾ" ಎಂದು ತಮಿಳಿನಲ್ಲಿ ಹೊಗಳಿದ. ಇವನಿಗೆ ಸಂಗೀತದ ಗಂಧಗಾಳಿ ಇಲ್ಲ ಅಂದುಕೊಂಡೆ.

ಆರತಕ್ಷತೆಯ ಹಿಂದಿನ ದಿನ ತಡೆಯಲಾಗದೆ ಹೆಡ್‌ಫೋನು ಕಿತ್ತು ಎಸೆದೆ. "ಕಳ್ಳ ನನ್ಮಕ್ಳು! ದುಡ್ಡು ಈಸ್ಕಂಡು ಕಸ ಕೊಡ್ತಾರೆ!"

ನನ್ನ ಹೆಂಡತಿ ಉಷಾರಾಣಿ ಅಡುಗೆಮನೆಯಿಂದ ಬಂದಳು. "ಯಾಕಿಂಗೆ ಕಿರುಚಾಡ್ತೀರಾ? ಕೊಡಿ ಇಲ್ಲಿ." ಹೆಡ್‌ಫೋನು ಹಾಕಿಕೊಂಡು ಕೇಳಿದಳು. ಅವಳ ತಲೆ ತಾನಾಗಿ ಆಡತೊಡಗಿತು.

"ಚೆಂದಾಗೈತಲ್ರೀ. ಹಿಂದ್ಗಡೆ ಚಿಸ್ ಚಿಸ್ ಅಂತೈತಲ್ಲ, ಅದೇ ಕುಣಿಸ್ತೈತೆ."

"ಯಾವ ಚಿಸ್ ಚಿಸ್ಸೇ?"

"ಉದ್ದಕ್ಕೂ ಐತಲ್ಲ!"

ಕಿತ್ತುಕೊಂಡು ಕೇಳಿದೆ. ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು ಬಾಣಲೆಯಲ್ಲಿ ಎಣ್ಣೆ ಕಾಯಿಸಿದಳು.

"ಕಣ್ಮುಚ್ಕಳಿ. ಸಾಸಿವೆ ಸಿಡಿದಾಗ ಹೇಳಿ."

ಇದೇನು ಹುಡುಗಾಟ ಅಂದುಕೊಂಡೇ ಕಣ್ಣು ಮುಚ್ಚಿ ನಿಂತೆ. ನಿಂತೇ ಇದ್ದೆ. ಮೂಗಿಗೆ ಸೀದ ವಾಸನೆ ಬಡಿಯಿತು. "ಇನ್ನೂ ಸಿಡೀಲಿಲ್ವಾ?" ಅಂದೆ.

ಕಣ್ಣು ಬಿಟ್ಟರೆ ಒಲೆಯ ಸುತ್ತ, ಅವಳ ಸೀರೆಯ ಮೇಲೆ, ಎಲ್ಲ ಕಡೆ ಕರಿ ಸಾಸಿವೆ. ಉಷಾ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

"ಆ ಪ್ರೆಸ್ಸಿನ ಸದ್ದಿಗೆ ಕಿವಿಗಿಟ್ಕಳ್ಳಾಕೆ ಕಂಪನೀಲಿ ಏನೋ ಕೊಡ್ತಾರಲ್ರೀ?"

ಕೊಡುತ್ತಿದ್ದರು. ನನ್ನದು ಸಂಗೀತದ ಕಿವಿ, ಮುಚ್ಚಿಟ್ಟರೆ ಮಂದವಾಗುತ್ತದೆ ಎಂದು ನಾನು ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನಾಳೆ ನಾನು ಹೋಗುವುದಿಲ್ಲ ಅಂದೆ. "ಮದ್ವೆ ಗಂಡು ನಿಮ್ಮನ್ನೇ ನಂಬ್ಕಂಡವ್ನೆ. ನಾನೂ ಬತ್ತೀನಿ, ನಡೀರಿ," ಅಂದಳು.

ರಾಯಕೋಟೆಯ ಮಂಟಪದಲ್ಲಿ ಉಷಾ ಮಿಕ್ಸರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ನನ್ನ ಕೈ ಅಭ್ಯಾಸದಂತೆ ಟ್ರೆಬಲ್ಲನ್ನು, ಅಂದರೆ ಸಣ್ಣ ದನಿಯ ಗುಂಡಿಯನ್ನು, ಏರಿಸಿತು. ಮುಂದೆ ಕೂತಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು. ಉಷಾ ನನ್ನ ಕೈ ಸರಿಸಿ ಗುಂಡಿಯನ್ನು ತಾನೇ ಇಳಿಸಿದಳು. ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವುದನ್ನು ನಾನು ಡ್ರಮ್ಮಿನ ಪೆಟ್ಟು ಹಿಡಿದು ಮಾಡಿದೆ, ಉಳಿದದ್ದೆಲ್ಲ ಅವಳ ಕೈಯಲ್ಲಿತ್ತು. ವೆಂಕಿ ಹಾಡಿದ. ಹೆಣ್ಣು ನಾಚಿ ನಾಚಿ ಕೊನೆಗೆ ಎದ್ದೇಬಿಟ್ಟಳು. ಮುದುಕರೂ ಕುಣಿದರು. ನನಗೆ ಮಾತ್ರ ಎದೆಗೆ ಗುದ್ದುವ ಬೇಸು ಬಿಟ್ಟರೆ ಏನೂ ದಕ್ಕಲಿಲ್ಲ.

ಹಾಡು ಮುಗಿದದ್ದೇ ವೆಂಕಿ ಬೆವರುತ್ತ ಓಡಿಬಂದು ನನ್ನನ್ನು ತಬ್ಬಿಕೊಂಡ.

"ಅಣ್ಣಾ, ಹಡಗಿನಾಗೂ ಇಂಥ ಸೌಂಡ್ ಕೇಳಿಲ್ಲ ಕಣಣ್ಣಾ! ಆ ಸಣ್ಣ ತಾಳ ಐತಲ್ಲ, ಅಬ್ಬಬ್ಬಾ! ಎಲ್ಲಿ ಸಿಕ್ತು?"

ಇಷ್ಟು ದಿನ ಹುಡುಕಿದ್ದು ಸಿಕ್ಕಿತ್ತು, ಮಂಟಪಕ್ಕೆ ಮಂಟಪವೇ ಅದನ್ನು ಕೇಳಿತ್ತು, ನಾನೊಬ್ಬ ಕೇಳಿರಲಿಲ್ಲ.

"ನಿಮ್ಮತ್ತಿಗೆ ಹುಡ್ಕಿದ್ದು ಕಣ್ಲಾ," ಅಂದೆ. "ಹೆಂಗಿತ್ತು ಅಂತ ನಂಗೂ ಅವಳೇ ಹೇಳ್ಬೇಕು."