ಕಡಲ ಲಾನ್‌ಫೇರ್‌ಗೆ ಖಾಲಿ ವ್ಯಾಗನ್

ಹಳೇ ರೈಲುಗಳನ್ನು ದುರಸ್ತಿ ಮಾಡುವ ನಮ್ಮ ಸಂಘದಲ್ಲಿ ಜಗಳವಿಲ್ಲದ ಭಾನುವಾರವೆಂದರೆ ಚಹಾಪುಡಿ ಮುಗಿದುಹೋದ ಭಾನುವಾರ. ಆ ವರ್ಷದ ಜಗಳ ಇದ್ವಾಲ್ ಪ್ರಾಬರ್ಟ್ ಎಂಬ ಕಲ್ಲಿದ್ದಲು ವ್ಯಾಪಾರಿಯ ವ್ಯಾಗನ್ನಿನದು. ಹಲಗೆ ಹೊಸದಾಗಿತ್ತು, ಚಕ್ರ ಉರುಳುತ್ತಿತ್ತು. ಪಕ್ಕದ ಮೇಲಿನ ಬರಹವೊಂದು ಬಾಕಿ. ಇಂಥ ವ್ಯಾಗನ್ನುಗಳ ಮೇಲೆ ಒಡೆಯನ ಹೆಸರಿನ ಕೆಳಗೆ, ಖಾಲಿಯಾದ ಮೇಲೆ ಎಲ್ಲಿಗೆ ಮರಳಿಸಬೇಕೆಂದು ಬರೆಯುವುದು ವಾಡಿಕೆ. ಉಳಿದಿದ್ದ ಒಂದೇ ಫೋಟೋದಲ್ಲಿ ಲಾನ್‌ಫೇರ್ ಎಂಬಷ್ಟು ಕಾಣುತ್ತಿತ್ತು; ಯಾವ ಲಾನ್‌ಫೇರ್ ಎಂಬ ಜಾಗಕ್ಕೆ ಇದ್ವಾಲ್ ಸ್ವತಃ ಬೆನ್ನು ಕೊಟ್ಟು ನಿಂತಿದ್ದ. ಆ ಹೆಸರಿನ ಊರುಗಳು ವೇಲ್ಸಿನಲ್ಲಿ ಹತ್ತಾರು; ದಾರಿ ತಪ್ಪಿದವನೂ ಅಲ್ಲಿ ಯಾವುದಾದರೊಂದು ಲಾನ್‌ಫೇರ್ ತಲುಪುತ್ತಾನೆ.

"ಗುಡ್ಡದ ಲಾನ್‌ಫೇರ್," ಎಂದರು ಅಧ್ಯಕ್ಷ ಟ್ರೆಫೋರ್. ನಿವೃತ್ತ ಭೂಗೋಳದ ಮೇಷ್ಟ್ರು, ಬ್ರಹ್ಮಚಾರಿ. "ಗಣಿ ಇದ್ದದ್ದೇ ಅಲ್ಲಿ."

"ಕಡಲ ಲಾನ್‌ಫೇರ್," ಎಂದರು ಇದ್ವಾಲನ ಮೊಮ್ಮಗಳು ಮೈನಿರ್.

"ಅಮ್ಮಾ, ಅಲ್ಲಿ ಸಿಗೋದು ಮೀನು."

"ನಮ್ಮಜ್ಜಿನೂ ಅಲ್ಲೇ ಸಿಕ್ಕಿದ್ದು ಮೇಷ್ಟ್ರೇ."

ಮೈನಿರ್ ಹೇಳಿದ ಪ್ರಕಾರ, ಅಜ್ಜನ ಕಾಲದ ಬಣ್ಣದವನು ಗುಡ್ಡದ ಬದಲು ಕಡಲ ಲಾನ್‌ಫೇರ್ ಎಂದು ತಪ್ಪಾಗಿ ಬರೆದನಂತೆ. ರೈಲಿನವರು ಬರೆದದ್ದನ್ನು ಪಾಲಿಸಿದರು. ಖಾಲಿ ವ್ಯಾಗನ್ ಕಡಲ ಲಾನ್‌ಫೇರ್‌ಗೆ ಹೋಗಿ ಮೀನಿನ ಗಾಡಿಗೆ ಅಡ್ಡ ನಿಂತಿತು. ತರಲು ಹೋದ ಇದ್ವಾಲನಿಗೆ ಸ್ಟೇಷನ್ ಮಾಸ್ತರರ ತಂಗಿ ಮನಸಾರೆ ಬೈದಳು. ಅವನು ಬರಹ ತಿದ್ದಿಸಲೇ ಇಲ್ಲ. ವ್ಯಾಗನ್ ಮತ್ತೆ ಮತ್ತೆ ಅಲ್ಲಿಗೇ ಹೋಯಿತು; ಬೈಗುಳ ಬರಬರುತ್ತಾ ಮೆತ್ತಗಾಯಿತು.

"ಇದಕ್ಕೆ ಸಾಕ್ಷಿ?" ಎಂದರು ಟ್ರೆಫೋರ್.

"ನಿಮ್ಮೆದುರಿಗೇ ಕೂತಿದೀನಲ್ಲ. ಅವತ್ತು ಸರಿಯಾಗಿ ಬರೆದಿದ್ರೆ ನಾನೂ ಇರ್ತಿರಲಿಲ್ಲ, ನೀವು ಎರಡನೇ ಸಲ ಹಾಕಿಸ್ಕೊಂಡಿರೋ ಆ ಕೇಕೂ ಇರ್ತಿರಲಿಲ್ಲ. ಊರು ತಿದ್ದೋದಾದ್ರೆ ಅಜ್ಜನ ಹೆಸರನ್ನೂ ಅಳಿಸಿಬಿಡಿ."

ಕುಂಚ ಹಿಡಿದು ಕಾಯುತ್ತಿದ್ದ ಎಮ್ಲಿನ್, "ಬೇಗ ಹೇಳ್ರಪ್ಪಾ, ಬಣ್ಣ ಒಣಗ್ತಾ ಇದೆ," ಎಂದ. ಕೈ ಎತ್ತಿಸಿದಾಗ ಕೇಕು ಗೆದ್ದಿತು. ಸಂಘಕ್ಕೆ ಭೂಗೋಳ ಬರುವುದಿಲ್ಲವೆಂದು ಜನ ಆಡಿಕೊಳ್ಳುತ್ತಾರೆಂದು ಟ್ರೆಫೋರ್ ಗೊಣಗಿದರು.

ಮರುವರ್ಷ ವ್ಯಾಗನ್ ಲಾರಿಯೇರಿ ಪಕ್ಕದ ಜಿಲ್ಲೆಯ ಪ್ರದರ್ಶನಕ್ಕೆ ಹೋಯಿತು. ಪ್ರದರ್ಶನ ಮುಗಿಯಿತು, ವ್ಯಾಗನ್ ಬರಲಿಲ್ಲ. ಲಾರಿಯವನಿಗೆ ಫೋನು ಮಾಡಿದರೆ, "ಎಲ್ಲಿಗೆ ಅಂತ ಅದರ ಮೇಲೇ ಬರೆದಿತ್ತಲ್ಲ ಸಾರ್, ಅಲ್ಲೇ ಇಳಿಸಿದೆ," ಎಂದ.

ಟ್ರೆಫೋರ್ ಎಲ್ಲರನ್ನೂ ಒಮ್ಮೆ ನೋಡಿ, ಅದನ್ನು ತರಲು ಕಡಲ ಲಾನ್‌ಫೇರ್‌ಗೆ ಹೊರಟರು. ವ್ಯಾಗನ್ ಅಲ್ಲಿ ಒಬ್ಬ ವಿಧವೆಯ ಮೀನಂಗಡಿಯ ಬಾಗಿಲಿಗೆ ಅಡ್ಡ ನಿಂತಿತ್ತಂತೆ. ವ್ಯಾಗನ್ ಬುಧವಾರ ಮರಳಿತು, ಅಧ್ಯಕ್ಷರು ಶನಿವಾರ.

"ಆಕೆ ಬೈದ್ರಾ ಮೇಷ್ಟ್ರೇ?" ಮೈನಿರ್ ಚಹಾ ಬಗ್ಗಿಸುತ್ತ ಕೇಳಿದರು.

"ವಿಪರೀತ," ಎಂದರು ಟ್ರೆಫೋರ್, ಹೊಗೆಯಲ್ಲಿ ಒಣಗಿಸಿದ ಮೀನಿನ ಪೊಟ್ಟಣವನ್ನು ಮೇಜಿನ ಮೇಲಿಡುತ್ತ.

ಎಮ್ಲಿನ್ ಬಣ್ಣದ ಡಬ್ಬಿಯ ಮುಚ್ಚಳ ಮೀಟಿ ತೆಗೆದ. "ಹಾಗಾದ್ರೆ ಗುಡ್ಡದ ಲಾನ್‌ಫೇರ್ ಅಂತ ತಿದ್ದಿಬಿಡ್ಲಾ?"

"ಬೇಡ ಬಿಡಯ್ಯಾ, ಬಣ್ಣ ಚೆನ್ನಾಗಿ ಕೂತಿದೆ," ಎಂದರು ಅಧ್ಯಕ್ಷರು. "ಮುಂದಿನ ಪ್ರದರ್ಶನ ಯಾವಾಗ?"