ಅಜ್ಜನ ಉಪ್ಪಿನ ಡಬ್ಬಿ

ಉಚ್ಚೆಂಗಮ್ಮ ಒಲೆಗೆ ಕಟ್ಟಿಗೆ ತುರುಕಿ ಕಡ್ಡಿಪೆಟ್ಟಿಗೆ ತೆಗೆಯುವಷ್ಟರಲ್ಲಿ ಕೊಟ್ರಯ್ಯ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಮಠದ ಸ್ವಾಮಿಗಳಾಗಿದ್ದ ಅಜ್ಜನ ಅಂತ್ಯಕ್ರಿಯೆ ನಡೆಸುವವರು ಅವರೇ.

“ಏನವ್ವಾ ಇದು? ಅಜ್ಜಾರನ್ನ ಕುಣಿಗೆ ಇಳಿಸೋತನಕ ಒಲಿ ಹಚ್ಚಬಾರದು. ಗೊತ್ತಿಲ್ಲೇನು?”

“ಗೊತ್ತೈತ್ರಿ. ಆದ್ರ ಮಾತು ಕೊಟ್ಟೀನಿ. ‘ನಾ ಸತ್ತ ದಿನಾನೂ ಬಂದೋರು ಹಸಗೊಂಡು ಹೋಗಬಾರದು’ ಅಂದಿದ್ರು ಅಜ್ಜಾರು.”

ಕಡ್ಡಿ ಗೀರಿಯೇಬಿಟ್ಟಳು.

ಎಮ್ಮಿಗನೂರಿನ ಕಾಲುವೆ ದಂಡೆಯ ಆ ಪುಟ್ಟ ಮಠದಲ್ಲಿ ಇಪ್ಪತ್ತು ವರ್ಷದಿಂದ ಅಡುಗೆಯವಳೂ ಅವಳೇ, ಶಿಷ್ಯೆಯೂ ಅವಳೇ. ಹೊರಗೆ ಪಡಸಾಲೆಯಲ್ಲಿ ಅಜ್ಜ ಮೈತುಂಬ ವಿಭೂತಿ ಹಚ್ಚಿಸಿಕೊಂಡು, ಊಟಕ್ಕೆ ಕಾದವರಂತೆ ಕೂತಿದ್ದರು.

*

ಕಂಪ್ಲಿಯ ಡಾಕ್ಟರು ಬಿಪಿ ಎಂದು ಅಜ್ಜನಿಗೆ ಉಪ್ಪು ಬಿಡಿಸಿದ್ದೇ ತಡ, ಮಠದಲ್ಲಿ ಕಳ್ಳ-ಪೊಲೀಸ್ ಆಟ ಶುರುವಾಗಿತ್ತು. ಉಚ್ಚೆಂಗಮ್ಮ ಉಪ್ಪಿನ ಡಬ್ಬಿಯನ್ನು ದಿನಕ್ಕೊಂದು ಕಡೆ ಬಚ್ಚಿಡುವಳು, ಅಜ್ಜ ಹುಡುಕಿ ತೆಗೆಯುವರು. ಒಮ್ಮೆ, ಆಸೆಯನ್ನು ಗೆಲ್ಲಬೇಕೆಂದು ಭಕ್ತರಿಗೆ ಉಪದೇಶ ಮಾಡುತ್ತಿದ್ದಾಗಲೇ ಕಾವಿಯ ಮಡಿಕೆಯಿಂದ ಉಪ್ಪಿನ ಪೊಟ್ಟಣ ಜಾರಿ ಬಿತ್ತು.

“ನೋಡ್ರಪ್ಪಾ, ಆಸಿ ಅಂದ್ರ ಹಿಂಗಿರತೈತಿ,” ಎಂದರು ಅಜ್ಜ. ಜನ ಬಿದ್ದು ಬಿದ್ದು ನಕ್ಕರು.

“ನಾ ಸತ್ತ ಮ್ಯಾಲರ ಡಬ್ಬಿ ಕೊಡ್ತೀಯೇನವ್ವಾ?” ಎಂದು ಆ ಸಂಜೆ ಕೇಳಿದರು.

“ಆವಾಗ ಪೂರ್ತಿ ತಗೋರಿ,” ಎಂದು ಗದರಿದ್ದಳು.

*

ಅನ್ನ ಇಳಿಸುವ ಹೊತ್ತಿಗೆ ದರೋಜಿ ಕಡೆಯ ಕಬ್ಬು ಕಡಿಯುವವರು ಬಂದರು. ನಸುಕಿನಲ್ಲೇ ನಡೆಯುತ್ತ ಹೊರಟವರು, ಬಂದವರೇ ಅಜ್ಜನ ಮುಂದೆ ಕುಸಿದು ಕೂತರು. ಕೊಟ್ರಯ್ಯ ಮತ್ತೆ ಬಾಗಿಲಿಗೆ ಬಂದರು.

“ಇನ್ನಾದ್ರೂ ಒಲಿ ಆರಸವ್ವಾ.”

“ಆರಸ್ತೀನ್ರಿ. ಮೊದಲು ನೀವ ಹೋಗಿ, ಊಟ ಇಲ್ಲ ಅಂತ ಅವರಿಗೆ ಹೇಳಿ ಬರ್ರಿ.”

ಕೊಟ್ರಯ್ಯ ಹೋದರು. ಆ ದಣಿದ ಜನರನ್ನು ನೋಡಿದರು. ತಿರುಗಿ ಬಂದು ಸಾರಿನ ಬಕೆಟ್ಟು ಎತ್ತಿಕೊಂಡರು.

“ತಾಟು ಎಲ್ಲಿ ಅದಾವು?”

ಎಲ್ಲರೂ ಉಂಡ ಮೇಲೆ ಅಜ್ಜನನ್ನು ಕುಣಿಯಲ್ಲಿ ಕೂರಿಸಿದರು. ವಿಭೂತಿ ಹಾಕಿದರು, ಪತ್ರೆ ಹಾಕಿದರು. ಪದ್ಧತಿಯಂತೆ ಕುಣಿಗೆ ಸುರಿಯಲು ಉಪ್ಪಿನ ಮೂಟೆ ಬಿಚ್ಚಿದಾಗ ಅಲ್ಲಿಯವರೆಗೆ ತಡೆದಿದ್ದ ಉಚ್ಚೆಂಗಮ್ಮನಿಗೆ ಅಳು ಒತ್ತರಿಸಿ ಬಂತು.

“ತಡೀರಿ,” ಎಂದು ಒಳಗೆ ಓಡಿದಳು. ಅಜ್ಜನಿಗೆ ಕೊನೆಗೂ ಸಿಗದ ಡಬ್ಬಿ ಕಟ್ಟಿಗೆ ರಾಶಿಯ ಹಿಂದಿತ್ತು. ಅದನ್ನು ತಂದು, ಕುಣಿಯೊಳಗೆ ಬಗ್ಗಿ, ಮುಚ್ಚಳ ತೆಗೆದು, ಅವರ ಬಲಗೈಗೆ ನಿಲುಕುವಂತೆ ಇಟ್ಟಳು.