ಅರ್ಧ ಗುಳಿಗೆ

"ಇನ್ನೊಂದು ಬಟ್ಲು ಇಡು. ವಿನೋದ ಬಂದಾನೆ," ಎಂದಳು ಗಂಗೆ.

ಗಂಜಿ ಬಡಿಸುತ್ತಿದ್ದ ಸುಚಿತಾಳ ಕೈ ನಿಂತಿತು. ತಾಯಿ ನೋಡುತ್ತಿದ್ದ ಬಾಗಿಲಲ್ಲಿ ಮಧ್ಯಾಹ್ನದ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಸುಚಿತಾಳ ತಮ್ಮ ವಿನೋದ ತದಡಿಯಿಂದ ಮೀನಿಗೆ ಹೋಗಿ, ಬೋಟಿನಿಂದ ಬಿದ್ದು ನಾಲ್ಕು ಮಳೆಗಾಲ ಕಳೆದಿದ್ದವು. ಹೆಣವೂ ಸಿಕ್ಕಿರಲಿಲ್ಲ.

ಗಂಗೆ ಮೀನಿನ ಬುಟ್ಟಿ ಹೊತ್ತು ಬಂದರಿನ ಕಟ್ಟೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಶನ್ ಆದದ್ದು ಬಸ್ಸಿನಲ್ಲಿ ಅರ್ಧ ದಿನದ ಹಾದಿಯ ದೊಡ್ಡ ಆಸ್ಪತ್ರೆಯಲ್ಲಿ. ಅಷ್ಟು ದೂರ ಮತ್ತೆ ಮತ್ತೆ ಬರುವುದು ಕಷ್ಟವೆಂದು ಅಲ್ಲಿ ನೋವಿನ ಗುಳಿಗೆಗಳನ್ನು ರಾಶಿಯಾಗಿ ಕೊಟ್ಟು ಕಳಿಸಿದ್ದರು. ಅವು ಮುಗಿದಾಗ ಔಷಧಿ ಅಂಗಡಿಯವನು ಅದೇ ಹಳೇ ಚೀಟಿ ನೋಡಿ ಮತ್ತೆ ಕೊಟ್ಟ. ಹೊಲಿಗೆ ಒಣಗಿದರೂ ಗಂಗೆ ನೋವು ನೋವು ಎನ್ನುತ್ತಲೇ ಇದ್ದಳು.

ಬಟ್ಟಲಿನ ಮಾತಾದ ಮರುದಿನ ಸುಚಿತಾ ಗುಳಿಗೆ ಹಿಡಿದು ಕುಮಟೆಯ ಡಾಕ್ಟರು ವಿನುತಾರ ಬಳಿ ಹೋದಳು. ಇದು ಅಫೀಮಿನ ಜಾತಿಯ ಮದ್ದು, ಈ ವಯಸ್ಸಿಗೆ ಇಲ್ಲದ್ದನ್ನೂ ತೋರಿಸುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಮೈ ತಡೆಯುವುದಿಲ್ಲ ಎಂದರು ಅವರು. ಸ್ವಲ್ಪ ಸ್ವಲ್ಪವೇ ಇಳಿಸಿ ಕಡೆಗೆ ಅರ್ಧಕ್ಕೆ ತರಬೇಕು, ಗುಳಿಗೆ ಸುಚಿತಾಳ ಕೈಯಲ್ಲೇ ಇರಬೇಕು, ಉಳಿದದ್ದನ್ನು ಯಾರಿಗೂ ಕೊಡದೆ ತಂದೊಪ್ಪಿಸಬೇಕು.

ಮನೆಗೆ ಬಂದು ಹೇಳಿದಾಗ ಗಂಗೆ ಜಗಳ ಮಾಡಲಿಲ್ಲ. "ನೋವು ಹೋಗಿ ಎಷ್ಟೋ ದಿನ ಆತು," ಎಂದಳು. "ಅಂವ ಬತ್ತ ಅಂತ ಗುಳಿಗೆ ತಗಂತೆ."

ಸುಚಿತಾ ಗುಳಿಗೆಗಳನ್ನು ತೆಗೆದು ತನ್ನ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಕೇಳಬಾರದೆಂದುಕೊಂಡಿದ್ದನ್ನೇ ಕೇಳಿದಳು. "ನನ್ನ ಬಗ್ಗೆ ಎಂತಾದ್ರೂ ಕೇಳ್ದನೇ?"

ಗಂಗೆ ಮಗಳ ಮುಖ ನೋಡಿದಳು. "ಕೇಳ್ದ. ಅಕ್ಕ ಎಲ್ಲಿ ಅಂದ."

ಇಳಿಸುತ್ತ ಹೋದ ದಿನಗಳು ಸುಲಭವಾಗಿರಲಿಲ್ಲ. ಗಂಗೆ ಬೆವರಿದಳು, ನಡುಗಿದಳು, ಮಗಳನ್ನು ಕೊಲೆಗಾತಿ ಎಂದು ಬೈದಳು. ವಿನೋದ ಈಗ ಒಳಗೆ ಬರುವುದಿಲ್ಲ, ಅಂಗಳದಲ್ಲೇ ನಿಲ್ಲುತ್ತಾನೆ ಎಂದಳು. ಆಮೇಲೆ ಬೆನ್ನು ಮಾತ್ರ ಕಾಣುತ್ತದೆ ಎಂದಳು. ಗುಳಿಗೆ ಅರ್ಧಕ್ಕಿಳಿದ ಮೇಲೆ ಅವನ ಮಾತೇ ಎತ್ತಲಿಲ್ಲ. ಕೊನೆಗೆ ಆ ಅರ್ಧ ಗುಳಿಗೆಯೂ ನಿಂತಿತು. ಗಂಗೆ ಮಧ್ಯಾಹ್ನ ಗಾಢವಾಗಿ ನಿದ್ದೆ ಮಾಡತೊಡಗಿದಳು.

ಅಂಥ ಒಂದು ಮಧ್ಯಾಹ್ನ ಸುಚಿತಾ ಉಳಿದ ಗುಳಿಗೆಗಳನ್ನು ಕುಮಟೆಗೆ ಒಯ್ಯಲೆಂದು ಹೊರತೆಗೆದಳು. ಅಕ್ಕ ಎಲ್ಲಿ ಅಂದ. ಇಷ್ಟು ದಿನವೂ ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ಆ ಮಾತು ಅವಳ ಕಿವಿಯಲ್ಲೇ ಇತ್ತು. ಒಂದನ್ನು ಬಿಡಿಸಿದಳು. ಅಂಗೈಯಲ್ಲಿ ಹಿಡಿದು ಬಾಗಿಲಿಗೆ ಎದುರಾಗಿ ಕುಳಿತಳು. ನಾಲಿಗೆಯ ಮೇಲೆ ಇಟ್ಟುಕೊಂಡಳು. ಕಹಿ.

"ಉಗಿ ಅದನ್ನ."

ಗಂಗೆ ಮಂಚದ ಮೇಲೆ ಎದ್ದು ಕೂತಿದ್ದಳು. ಕೊಲೆಗಾತಿ ಎಂದು ಬೈದ ದನಿ ಅಲ್ಲ ಅದು.

"ನಾ ಸುಳ್ಳು ಹೇಳಿದ್ದೆ ಸುಚಿತಾ. ಅಂವ ನಿನ್ನ ಕೇಳ್ಲಿಲ್ಲ. ಒಂದಿನವೂ ಮಾತಾಡ್ಲಿಲ್ಲ. ಒದ್ದೆ ಬಟ್ಟೇಲಿ ಕೂತಿರ್ತಿದ್ದ, ಅಷ್ಟೇ. ನನ್ನ ಗುರ್ತೂ ಇರ್ಲಿಲ್ಲ ಅಂವಂಗೆ."

ಸುಚಿತಾ ಅಂಗಳಕ್ಕೆ ಹೋಗಿ ಉಗಿದಳು. ಬಾಯಿ ಮುಕ್ಕಳಿಸಿದಳು. ಅಲ್ಲೇ ಕುಕ್ಕರಿಸಿ, ತಮ್ಮ ತೀರಿಕೊಂಡ ವರ್ಷವೂ ಅಳದಷ್ಟು ಅತ್ತಳು. ಗಂಗೆ ಕರೆಯಲಿಲ್ಲ, ಸುಮ್ಮನಿರು ಎನ್ನಲಿಲ್ಲ.

ಮರುದಿನ ಗುಳಿಗೆಗಳನ್ನು ವಿನುತಾರ ಕೈಗೆ ಒಪ್ಪಿಸಿ ಸಂಜೆಯ ಬಸ್ಸಿನಿಂದ ತದಡಿಯಲ್ಲಿ ಇಳಿದಾಗ, ತಾಯಿ ವಾಕರ್ ಹಿಡಿದು ತಾನಾಗಿಯೇ ಹೊಳೆಯ ದಂಡೆಯವರೆಗೆ ಬಂದಿದ್ದಳು. ಸುಚಿತಾ ಹೋಗಿ ಪಕ್ಕದಲ್ಲಿ ನಿಂತಳು. ಭರತ ಶುರುವಾಗಿತ್ತು, ಕಡಲ ನೀರು ಹೊಳೆಯೊಳಗೆ ಏರುತ್ತಿತ್ತು. ಲಂಗರು ಹಾಕಿದ್ದ ದೋಣಿಗಳು ನೀರಿನ ಸೆಳೆತಕ್ಕೆ ಒಂದೊಂದಾಗಿ ತಿರುಗಿ ಕಡಲಿಗೆ ಮುಖ ಮಾಡಿದವು.